ಪರದೆಯ ತೇಪೆ

ಟ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದ ದಿನ
ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರು,
ಜನ ಹಿಡಿದುಕೊಂಡು ಮನೆ ಸೇರಲಿ ಎಂದು.
ನೀವೆಸ್ ಫುರ್ಲಾನಿಚ್ ಹಗ್ಗ ಮುಟ್ಟಿದವಳಲ್ಲ.
ತೂಕದ ಹೆಂಗಸು. ಗಾಳಿಗೆ ಬೆನ್ನು ಕೊಟ್ಟು
ಹಿಮ್ಮುಖವಾಗಿಯೇ ದಿಬ್ಬ ಹತ್ತಿ
ರೇಡಿಯೋ ನಿಲಯಕ್ಕೆ ಬರುವಳು,
ಕೊರಳಿಗೆ ಎರಡು ಸುತ್ತು ಉಣ್ಣೆ.
‘ಬಾಗಿಲು ಹಾಕು ಎಜಿದಿಯೋ, ಗಂಟಲು ಹೊರಗಿದೆ.’
ನನಗೆ ಅವಳಾಡಿದ ಮೊದಲ ಮಾತು ಅದು.

ಇಪ್ಪತ್ತೆರಡು ವರ್ಷ ಒಪೆರಾ ರಂಗದ ಮೇಲೆ.
ನಾಯಕಿಯಾದದ್ದು ಎರಡೇ ರಾತ್ರಿ,
ಅದೂ ನಾಯಕಿಗೆ ಜ್ವರ ಬಂದು.
ಮಿಕ್ಕಂತೆ ದಾದಿ, ಮಾಟಗಾತಿ, ಸತ್ರದ ಒಡತಿ,
ಸಾಯುವವಳ ಕೈ ಹಿಡಿದು ನಿಲ್ಲುವ ಗೆಳತಿ.
‘ಎಷ್ಟು ಜನರನ್ನು ಕಳಿಸಿಕೊಟ್ಟೆನೋ,
ನನಗೊಮ್ಮೆಯೂ ಸಾಯುವ ಪಾತ್ರ ಸಿಗಲಿಲ್ಲ’
ಎನ್ನುವಾಗ ಹೊಟ್ಟೆ ಕುಲುಕಿ ನಗುವಳು.

ಐವತ್ತೊಂಬತ್ತರ ಚಳಿಗಾಲ ಗಂಟಲಲ್ಲಿ ಗಂಟು.
ಜೋಳದ ಕಾಳಿನಷ್ಟು, ಅಂದ ವೈದ್ಯ. ತೆಗೆದ.
ಕಾಳಿನ ಜೊತೆ ಮೇಲಿನ ಮೂರು ಸ್ವರವೂ ಹೋದವು.
ಉಳಿದದ್ದು ಬಾಣಲೆಯ ತಳ ಹಿಡಿದ ಸಕ್ಕರೆ:
ಕಂದು, ತುಸು ಕಹಿ, ಕೆರೆದಷ್ಟೂ ರುಚಿ.

ಮೊದಲ ದಿನ ಓದಲು ಕೊಟ್ಟದ್ದು ಕಡಲ ಹವಾಮಾನ.
ಬಾಲ್ಕನಿಯ ಕೊನೆಯ ಸಾಲಿಗೆ ಮುಟ್ಟುವಂತೆ ಓದಿದಳು.
ನನ್ನ ಮೀಟರಿನ ಮುಳ್ಳು ಕೆಂಪಿಗೆ ಹಾರಿ ಅಲ್ಲೇ ನಿಂತಿತು.
ಅಮ್ಮಾ, ಅಂದೆ ಗಾಜಿನ ಈಚೆಯಿಂದ,
ಇಲ್ಲಿ ಕೊನೆಯ ಸಾಲು ಒಂದು ಗೇಣು ದೂರ.
ತಿಂಗಳು ಹಿಡಿಯಿತು.
ಆಮೇಲೆ ತನ್ನ ಎಡಗೈಯ ಗವಸನ್ನು
ಮೇಜಿನ ಮೇಲೆ ಗೊಂಬೆಯ ಹಾಗೆ ನಿಲ್ಲಿಸಿ
ಅದಕ್ಕೇ ಹೇಳತೊಡಗಿದಳು, ಮೆಲ್ಲಗೆ:
ಉತ್ತರ ಆಡ್ರಿಯಾಟಿಕ್, ಅಲೆ ಎರಡೂವರೆ ಮೀಟರು,
ದೋಣಿ ಇಳಿಸಬೇಡಿ.

ಗುರುವಾರ ರಾತ್ರಿ ಕತೆ ಹೇಳುವಳು, ತಟ್ಟೆ ಹಾಕುವ ಮುನ್ನ.
‘ಇವನೊಬ್ಬ ದಡ್ಡ. ಆ ಕಾಗದ ಒಡೆದು ಓದಿದ್ದರೆ
ಎರಡನೇ ಅಂಕಕ್ಕೇ ಮನೆಗೆ ಹೋಗುತ್ತಿದ್ದೆವು ಎಲ್ಲರೂ.
ಆದರೆ ಕೇಳಿ,
ಎಷ್ಟು ಚೆಂದವಾಗಿ ಓದದೆ ಇರುತ್ತಾನೆ.’
ಟೇಪಿನಿಂದ ಅವಳ ಉಸಿರು ತೆಗೆಯಲು
ನಾನು ಬ್ಲೇಡು ಎತ್ತಿದರೆ
ಉಂಗುರದಿಂದ ಗಾಜು ಕುಟ್ಟುವಳು:
‘ಬಿಡು, ಅದು ಪುಕ್ಕಟೆ ಬಂದದ್ದಲ್ಲ.’

ಆಮೇಲೆ ಆ ರಾತ್ರಿ.
ಅವಳದೇ ಹಳೆಯ ರಂಗಮಂದಿರದಿಂದ ನೇರ ಪ್ರಸಾರ.
ಕಪಾಟಿನಷ್ಟು ಗೂಡು, ಇಬ್ಬರ ಮೊಣಕಾಲು ತಾಗುವಷ್ಟು.
ಮೂರನೇ ಅಂಕ. ಪರದೆ ಏಳಲಿಲ್ಲ.
ಒಂದು ನಿಮಿಷ. ಎರಡು.
ಕೇಂದ್ರದಿಂದ ಬಂದ ಫೋನಿನ ದೀಪ ಮಿಟುಕುತ್ತಿದೆ.
ಈಗ ಹಾಡುತ್ತಾಳೆ, ಅಂದುಕೊಂಡೆ.
ಪಾಪಿ, ಆಸೆಪಟ್ಟೆ.

ಅವಳು ಗವಸಿನ ಕಡೆ ಬಾಗಿದಳು.
‘ಪರದೆ ಹೇಗಿದೆ ಹೇಳುತ್ತೇನೆ. ವೈನು ಚೆಲ್ಲಿ ಒಣಗಿದ ಬಣ್ಣ.
ಎಡಕ್ಕೆ, ನೆಲದಿಂದ ಎರಡು ಮೊಳ ಮೇಲೆ, ಒಂದು ತೇಪೆ.
ಯುದ್ಧದ ವರ್ಷ ಹೊಲಿಗೆಯ ಆನ್ಯೇಸೆ
ತನ್ನ ಕೋಟಿನ ಬೆನ್ನು ಕತ್ತರಿಸಿ ಹಚ್ಚಿದ್ದು.
ದೀಪ ಬಿದ್ದರೆ ಅದೊಂದೇ ಬೇರೆ ಕೆಂಪು.
ಹಾಡುವವರು ಅದನ್ನು ಹಿಂದಿನಿಂದ ಮುಟ್ಟುತ್ತಾರೆ,
ಹೊರಗೆ ಬರುವ ಮುನ್ನ. ನಾನೂ ಮುಟ್ಟುತ್ತಿದ್ದೆ.
ಈಗ ಅದು ಅಲುಗುತ್ತಿದೆ. ಯಾರದೋ ಬೆರಳು.
ಹುಡುಗಿಗೆ ಹೆದರಿಕೆ.
ಹೆದರಲಿ ಬಿಡಿ.
ಕಾಯೋಣ.’

ಮೀಟರಿನ ಮುಳ್ಳು ಸೊನ್ನೆಗೆ ಇಳಿದು ಮಲಗಿತು.
ಅಷ್ಟು ಹೊತ್ತು ಮೌನ ಬಿಟ್ಟದ್ದಕ್ಕೆ
ನನಗೆ ಆಮೇಲೆ ನೋಟೀಸು ಬಂತು.
ಪರದೆ ಎದ್ದಿತು.

ಅವಳನ್ನು ಮನೆಗೆ ಬಿಡುವಾಗ ಕೇಳಿದೆ,
ಯಾಕೆ ಹಾಡಲಿಲ್ಲ?
‘ಹಸಿವು’ ಅಂದಳು. ‘ಈ ಹೊತ್ತಲ್ಲಿ
ಹುರುಳಿ ಸೂಪು ಎಲ್ಲಾದರೂ ಸಿಗುತ್ತದಾ?’

ಅವಳು ಹೋಗಿ ಹತ್ತೊಂಬತ್ತು ವರ್ಷ.
ರಂಗಮಂದಿರಕ್ಕೆ ಹೊಸ ಪರದೆ ಬಂದಿದೆ.
ಪರಿಚಯದ ಕಾವಲುಗಾರ ಒಳಗೆ ಬಿಟ್ಟ.
ಹಿಂದಿನಿಂದ ಕೈಯಾಡಿಸಿದೆ, ಎಡಕ್ಕೆ, ಎರಡು ಮೊಳ:
ನುಣುಪು, ಎಲ್ಲ ಕಡೆಯೂ ಅದೇ.

ಬೆಳಗಿನ ಆರಕ್ಕೆ ಯಂತ್ರವೊಂದು ಕಡಲ ಸುದ್ದಿ ಓದುತ್ತದೆ.
ಉಸಿರೇ ಎಳೆಯದೆ ಎರಡೂವರೆ ಮೀಟರು ಅನ್ನುತ್ತದೆ.
ನಾನು ಮೀನು ಹಿಡಿಯುವವನಲ್ಲ, ದೋಣಿಯೂ ಇಲ್ಲ.
ಆದರೂ ಆ ದಿನ
ಇಳಿಸುವುದಿಲ್ಲ.